ಎಣ್ಣೆಯ ಗುಣ ತಳಿಯಲ್ಲಿದೆ

ಕೋಲ್ಕತ್ತದ ಜಾದವ್‌ಪುರದಲ್ಲಿ ಅಡುಗೆ ಎಣ್ಣೆ ಎಂದರೆ ಮೊದಲು ಸಾಸಿವೆ ಎಣ್ಣೆ. ಇಲಿಶ್ ಮೀನು ಬೇಯುವುದು ಅದರಲ್ಲೇ. ಬೀದಿಬದಿಯಲ್ಲಿ ಮಂಡಕ್ಕಿಯ ಝಾಲ್‌ಮುಡಿ ಕಲಸುವವರು ಅದನ್ನು ಕಾಯಿಸದೆ ಹಸಿಯಾಗಿಯೇ ಹಾಕುತ್ತಾರೆ. ಮೂಗಿಗೆ ಏರುವ ಅದರ ಘಾಟಿಗೆ ಬಂಗಾಳಿಗಳು ‘ಝಾಂಝ್’ ಎನ್ನುತ್ತಾರೆ. ಒಳ್ಳೆಯ ಎಣ್ಣೆಯ ಗುರುತೇ ಅದು. ಇದೇ ಎಣ್ಣೆ ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ‘ಮೈಗೆ ಹಚ್ಚಲು ಮಾತ್ರ’ ಎಂಬ ಚೀಟಿ ಹೊತ್ತು ಕೂರುತ್ತದೆ. ಸಾಮಾನ್ಯ ಸಾಸಿವೆ ಎಣ್ಣೆಯನ್ನು ಅಡುಗೆ ಎಣ್ಣೆಯಾಗಿ ಮಾರಲು ಅಲ್ಲಿ ಅನುಮತಿಯಿಲ್ಲ.

ಕಾರಣ ಎರುಸಿಕ್ ಆಮ್ಲ. ಇದು 22 ಇಂಗಾಲದ ಉದ್ದನೆಯ ಕೊಬ್ಬಿನಾಮ್ಲ. ನಮ್ಮ ಸಾಂಪ್ರದಾಯಿಕ ಸಾಸಿವೆ ತಳಿಗಳ ಎಣ್ಣೆಯಲ್ಲಿ ಇದರ ಪಾಲು ಶೇ 40ರಿಂದ 50. ಪ್ರಯೋಗಾಲಯದ ಇಲಿಗಳಿಗೆ ಇದನ್ನು ಹೆಚ್ಚಾಗಿ ತಿನ್ನಿಸಿದಾಗ ಹೃದಯದ ಸ್ನಾಯುವಿನಲ್ಲಿ ಕೊಬ್ಬು ಕೂಡಿತು. ಮನುಷ್ಯರಲ್ಲಿ ಅಂಥ ಹಾನಿ ಸಾಬೀತಾಗಿಲ್ಲ. ಆದರೂ ಮುನ್ನೆಚ್ಚರಿಕೆಯಾಗಿ ಹಲವು ದೇಶಗಳು ಮಿತಿ ಹಾಕಿವೆ. ಐರೋಪ್ಯ ಒಕ್ಕೂಟ 2019ರಲ್ಲಿ ಸಾಮಾನ್ಯ ಖಾದ್ಯತೈಲಗಳಿಗೆ ಶೇ 2ರ ಮಿತಿ ವಿಧಿಸಿತು.

ಹಾಗಾದರೆ ಸಾಸಿವೆ ಎಣ್ಣೆಯೇ ಕೆಟ್ಟದ್ದೇ? ಈ ಪ್ರಶ್ನೆಗೆ ಒಂದೇ ಉತ್ತರ ಸಾಧ್ಯವಿಲ್ಲ, ಏಕೆಂದರೆ ‘ಸಾಸಿವೆ ಎಣ್ಣೆ’ ಎಂಬುದು ಒಂದೇ ವಸ್ತುವಲ್ಲ. ಯಾವ ತಳಿಯ ಬೀಜವನ್ನು ಹಿಂಡಿದ್ದು ಎಂಬುದರ ಮೇಲೆ ಅದರ ರಾಸಾಯನಿಕ ಗುಣ ನಿಂತಿದೆ.

ಬೀಜ ಬಲಿಯುವಾಗ ಗಿಡ 18 ಇಂಗಾಲದ ಓಲಿಕ್ ಆಮ್ಲವನ್ನು ತಯಾರಿಸುತ್ತದೆ. ಆಲಿವ್ ಎಣ್ಣೆಗೆ ಹೆಸರು ತಂದಿರುವ ಕೊಬ್ಬಿನಾಮ್ಲ ಇದೇ. ಸಾಸಿವೆಯಲ್ಲಿ ಮಾತ್ರ ಎಫ್‌ಎಇ1 ಎಂಬ ಜೀನ್ ಅದಕ್ಕೆ ಎರಡೆರಡು ಇಂಗಾಲ ಸೇರಿಸುವ ಕಿಣ್ವವನ್ನು ಕೊಡುತ್ತದೆ. 18 ಇದ್ದದ್ದು 20, ಆಮೇಲೆ 22 ಆಗುತ್ತದೆ. ಈ ಜೀನ್ ಕೆಟ್ಟಿರುವ ತಳಿಯಲ್ಲಿ ಸರಪಳಿ ಬೆಳೆಯದೆ ಓಲಿಕ್ ಆಮ್ಲವೇ ಹೆಚ್ಚಾಗಿ ಉಳಿಯುತ್ತದೆ. ಆದರೆ ಭಾರತದ ಕಂದು ಸಾಸಿವೆ ಎರಡು ಪೂರ್ವಜ ಜಾತಿಗಳು ಬೆರೆತು ಹುಟ್ಟಿದ ಸಸ್ಯ. ಎರಡೂ ಕಡೆಯಿಂದ ಬಂದ ಒಂದೊಂದು ಎಫ್‌ಎಇ1 ಅದರಲ್ಲಿದೆ, ಎರಡೂ ಕೆಟ್ಟರೆ ಮಾತ್ರ ಎರುಸಿಕ್ ಆಮ್ಲ ಇಲ್ಲವಾಗುತ್ತದೆ. ತಳಿ ವಿಜ್ಞಾನಿಗಳ ಕೆಲಸ ನಿಧಾನವಾದದ್ದಕ್ಕೆ ಇದೂ ಒಂದು ಕಾರಣ. ಕೆನಡಾದಲ್ಲಿ ಸಾಸಿವೆಯ ಹತ್ತಿರದ ನೆಂಟ ರೇಪ್‌ಸೀಡ್‌ನಲ್ಲಿ ಈ ಕೆಲಸ 1974ರಲ್ಲೇ ‘ಟವರ್’ ತಳಿಯಾಗಿ ಫಲಿಸಿತ್ತು; ಇಂದಿನ ಕನೋಲ ಎಣ್ಣೆಯ ಮೂಲ ಅಂಥ ತಳಿಗಳು.

ಇನ್ನು ಘಾಟಿನ ಲೆಕ್ಕವೇ ಬೇರೆ. ಅದು ಕೊಬ್ಬಿನಿಂದ ಬರುವುದಲ್ಲ. ಬೀಜದಲ್ಲಿ ಗ್ಲೂಕೋಸಿನೋಲೇಟ್ ಎಂಬ ಗಂಧಕಯುಕ್ತ ವಸ್ತುವೂ ಮೈರೋಸಿನೇಸ್ ಎಂಬ ಕಿಣ್ವವೂ ಬೇರೆ ಬೇರೆ ಕೋಶಗಳಲ್ಲಿರುತ್ತವೆ. ಬೀಜ ಜಜ್ಜಿ ನೀರು ತಾಗಿದಾಗ ಎರಡೂ ಸೇರಿ ಐಸೊಥಯೊಸಯನೇಟ್ ಹುಟ್ಟುತ್ತದೆ. ಕಣ್ಣಲ್ಲಿ ನೀರು ತರಿಸುವುದು ಅದೇ. ಗಾಣಕ್ಕೆ ಬೀಜದೊಂದಿಗೆ ಸ್ವಲ್ಪ ನೀರು ಹಾಕುವುದರ ಫಲ ಇದು. ಹೆಚ್ಚು ಕಾಯಿಸಿ ಹಿಂಡಿದರೆ ಕಿಣ್ವ ಸತ್ತು ಘಾಟು ಕುಂದುತ್ತದೆ.

ಎರುಸಿಕ್ ಆಮ್ಲ, ಗ್ಲೂಕೋಸಿನೋಲೇಟ್ ಎರಡನ್ನೂ ಇಳಿಸಿದ ತಳಿಗೆ ‘ಡಬಲ್ ಝೀರೊ’ ಎಂಬ ಹೆಸರು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಸಾಸಿವೆ 31 ಅಂಥದ್ದು. ಅದರ ಹಿಂಡಿ ದನಕ್ಕೂ ಕೋಳಿಗೂ ಒಳ್ಳೆಯದು, ಆದರೆ ಎಣ್ಣೆಯಲ್ಲಿ ಝಾಂಝ್ ಇರದು. ಅದೇ ಸಂಸ್ಥೆಯ ಪೂಸಾ ಸಾಸಿವೆ 30ರಲ್ಲಿ ಎರುಸಿಕ್ ಆಮ್ಲ ಮಾತ್ರ ಶೇ 2ಕ್ಕಿಂತ ಕೆಳಗಿಳಿದಿದೆ, ಗ್ಲೂಕೋಸಿನೋಲೇಟ್ ಹಾಗೇ ಇದೆ. ಘಾಟು ಬಿಡಲೊಲ್ಲದ ಬಂಗಾಳದ ಅಡುಗೆಮನೆಗೆ ಒಪ್ಪುವ ದಾರಿ ಇದೆಂದು ನನ್ನ ನಂಬಿಕೆ.

ತೊಡಕೂ ಇದೆ. ಎರುಸಿಕ್ ಆಮ್ಲದ ಪ್ರಮಾಣ ತಾಯಿಗಿಡದಿಂದಲ್ಲ, ಬೀಜದೊಳಗಿನ ಭ್ರೂಣದಿಂದ ತೀರ್ಮಾನವಾಗುತ್ತದೆ. ಪಕ್ಕದ ಹೊಲದ ಹಳೆಯ ತಳಿಯ ಪರಾಗವನ್ನು ಜೇನ್ನೊಣ ಹೊತ್ತು ತಂದರೆ ಅದೇ ಸುಗ್ಗಿಯ ಬೀಜದಲ್ಲೇ ಎರುಸಿಕ್ ಆಮ್ಲ ಏರುತ್ತದೆ. ಹಾಗಾಗಿ ಇಂಥ ತಳಿಯನ್ನು ಒಬ್ಬ ರೈತ ಬೆಳೆದರೆ ಸಾಲದು, ಅಕ್ಕಪಕ್ಕದವರೆಲ್ಲ ಕೂಡಿ ಬೆಳೆಯಬೇಕು. ಮಂಡಿಯಲ್ಲೂ ಗಾಣದಲ್ಲೂ ಬೀಜವನ್ನು ಬೇರೆಯಾಗಿಯೇ ಇಡಬೇಕು.

ಆಲಿವ್ ಬೆಳೆಗಾರರು ಈ ಶಿಸ್ತನ್ನು ಹಿಂದೆಯೇ ಕಲಿತಿದ್ದಾರೆ. ಸ್ಪೇನಿನ ಪಿಕ್ವಾಲ್ ತಳಿಯ ಎಣ್ಣೆಯಲ್ಲಿ ಓಲಿಕ್ ಆಮ್ಲ ಶೇ 80ರ ಹತ್ತಿರ, ಪಾಲಿಫಿನಾಲ್‌ಗಳೂ ಹೆಚ್ಚು. ರುಚಿ ಕಹಿ, ಬಾಳಿಕೆ ದೀರ್ಘ. ಅರ್ಬೆಕ್ವಿನ ತಳಿಯದು ಮೆದು ರುಚಿ, ಆದರೆ ಬೇಗ ಕೆಡುತ್ತದೆ. ಹವಾಮಾನದ ಕೈಯೂ ಇದರಲ್ಲಿದೆ: ಅರ್ಜೆಂಟೀನಾದ ಬಿಸಿ ಪ್ರದೇಶಗಳಲ್ಲಿ ಬೆಳೆದ ಅರ್ಬೆಕ್ವಿನದಲ್ಲಿ ಓಲಿಕ್ ಆಮ್ಲ ಶೇ 55ರ ಆಸುಪಾಸಿಗೆ ಇಳಿಯುವುದುಂಟು. ಆದ್ದರಿಂದಲೇ ಉತ್ತಮ ಆಲಿವ್ ಎಣ್ಣೆಯ ಸೀಸೆಗಳ ಮೇಲೆ ತಳಿಯ ಹೆಸರು, ಊರಿನ ಹೆಸರು ಎರಡನ್ನೂ ಕಾಣಬಹುದು.

ನಮ್ಮ ಶೇಂಗಾ ಎಣ್ಣೆಗೂ ಈ ಮಾತು ಸಲ್ಲುತ್ತದೆ. ಸಾಮಾನ್ಯ ಶೇಂಗಾ ತಳಿಗಳಲ್ಲಿ ಓಲಿಕ್ ಆಮ್ಲ ಶೇ 40ರಿಂದ 50 ಇದ್ದರೆ, ಗಿರ್ನಾರ್ 4 ಮತ್ತು ಗಿರ್ನಾರ್ 5 ತಳಿಗಳಲ್ಲಿ ಅದು ಶೇ 80ರ ಹತ್ತಿರ. ಎಣ್ಣೆ ಬೇಗ ಮುಗ್ಗುವುದಿಲ್ಲ. ಆದರೆ ಅಂಗಡಿಯ ಡಬ್ಬಿಯ ಮೇಲೆ ಇದೆಲ್ಲ ಬರೆದಿರುವುದು ಅಪರೂಪ. ‘ಗಾಣದ ಎಣ್ಣೆ’, ‘ಶುದ್ಧ ಎಣ್ಣೆ’ ಎಂಬ ಮಾತುಗಳು ಹಿಂಡಿದ ಬಗೆಯನ್ನು ಹೇಳುತ್ತವೆ, ಹಿಂಡಿದ್ದೇನು ಎಂಬುದನ್ನು ಹೇಳುವುದಿಲ್ಲ. ತಳಿಯ ಹೆಸರನ್ನೂ ಕೊಬ್ಬಿನಾಮ್ಲಗಳ ಪ್ರಮಾಣವನ್ನೂ ಮುದ್ರಿಸುವಂತೆ ತಯಾರಕರನ್ನು ನಾವು ಕೇಳಬೇಕು. ಮುಂದಿನ ಸಲ ಗಾಣಕ್ಕೆ ಹೋದಾಗ ಬೆಲೆ ಕೇಳುವ ಮೊದಲು ಬೀಜ ಯಾವ ತಳಿಯದು ಎಂದು ಕೇಳಿ. ಕೊಳ್ಳುವವರು ಕೇಳತೊಡಗಿದರೆ ಮಾರುವವರು ತಿಳಿದುಕೊಳ್ಳುತ್ತಾರೆ, ಒಳ್ಳೆಯ ತಳಿ ಬೆಳೆದ ರೈತನಿಗೂ ತಕ್ಕ ಬೆಲೆ ಸಿಗುತ್ತದೆ.