ವಕೀಲರ ಕೈಯಲ್ಲಿ ಪರರ ಹಣ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಬ್ಬನು ತನ್ನ ವ್ಯಾಜ್ಯವನ್ನು ವಕೀಲರಿಗೆ ಒಪ್ಪಿಸಿ, ಮುಂದೆ ನಡೆಯಬೇಕಾದ ಕೆಲಸಕ್ಕಾಗಿ 5,000 ಡಾಲರುಗಳನ್ನು ಮುಂಗಡವಾಗಿ ಕೊಟ್ಟನೆನ್ನೋಣ. ಆ ಹಣ ಈಗ ಯಾರದು? ವಕೀಲರದೆಂದು ಥಟ್ಟನೆ ಹೇಳಬೇಕೆನಿಸುವುದು ಸಹಜ. ಆದರೆ ಅಲ್ಲಿನ ನ್ಯಾಯವಾದಿಗಳ ನಡತೆಯ ನಿಯಮಗಳು ಬೇರೆ ಮಾತು ಹೇಳುತ್ತವೆ. ಕೆಲಸ ನಡೆದು ಶುಲ್ಕವು ನ್ಯಾಯವಾಗಿ ಸಲ್ಲುವವರೆಗೂ ಅದು ಕಕ್ಷಿದಾರನ ಹಣವೇ. ವಕೀಲರು ಅದರ ಕಾವಲುಗಾರರು ಮಾತ್ರ. ಒಬ್ಬನು ನಂಬಿ ಮತ್ತೊಬ್ಬನಲ್ಲಿ ಇಟ್ಟ ಇಂಥ ಹಣವನ್ನು ನಮ್ಮ ಧರ್ಮಶಾಸ್ತ್ರಕಾರರು ‘ನಿಕ್ಷೇಪ’ವೆಂದು ಕರೆದಿದ್ದರು. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಇದಕ್ಕೆ ಎರಡನೆಯ ಸ್ಥಾನ.

ಅಮೆರಿಕನ್ ಬಾರ್ ಅಸೋಸಿಯೇಷನ್ 1983ರಲ್ಲಿ ಅಂಗೀಕರಿಸಿದ ಮಾದರಿ ನಿಯಮಾವಳಿಯಲ್ಲಿ 1.15ನೆಯ ನಿಯಮವು ಈ ವಿಷಯಕ್ಕೆ ಮೀಸಲಾಗಿದೆ. ವಕೀಲರು ಪರರ ಹಣವನ್ನು ತಮ್ಮ ಹಣದೊಡನೆ ಬೆರೆಸದೆ ಬೇರೊಂದು ಬ್ಯಾಂಕ್ ಖಾತೆಯಲ್ಲಿಡಬೇಕು. ಇದಕ್ಕೆ ಟ್ರಸ್ಟ್ ಖಾತೆಯೆಂದು ಹೆಸರು. ಕಚೇರಿಯ ಬಾಡಿಗೆ, ಸಂಬಳಗಳು ಸಾಗುವ ಖಾತೆ ಇದಕ್ಕಿಂತ ಬೇರೆ. ವಿವರಗಳು ಸಂಸ್ಥಾನದಿಂದ ಸಂಸ್ಥಾನಕ್ಕೆ ಬದಲಾದರೂ ತಿರುಳು ಒಂದೇ. ಸಣ್ಣ ಮೊತ್ತಗಳಿಗೆಲ್ಲ ಪ್ರತ್ಯೇಕ ಖಾತೆ ತೆರೆಯುವುದು ವ್ಯರ್ಥವಾದುದರಿಂದ ಅನೇಕ ಕಕ್ಷಿದಾರರ ಹಣವನ್ನು ಒಂದೇ ಖಾತೆಯಲ್ಲಿ ಕೂಡಿಡುತ್ತಾರೆ. ಅದಕ್ಕೆ ಬರುವ ಬಡ್ಡಿಯನ್ನು ಬಡವರ ನ್ಯಾಯಸಹಾಯಕ್ಕೆ ಬಳಸುವ ಏರ್ಪಾಡು ಅಮೆರಿಕದಲ್ಲಿ ಮೊದಲು ಫ್ಲಾರಿಡಾದಲ್ಲಿ 1981ರಲ್ಲಿ ಆರಂಭವಾಯಿತು.

ಹೀಗೆ ಕೂಡಿಡುವುದರಿಂದಲೇ ತೊಡಕು ಹುಟ್ಟುತ್ತದೆ. ಬ್ಯಾಂಕಿಗೆ ಕಾಣುವುದು ಒಟ್ಟು ಮೊತ್ತವೊಂದೇ. ಅದರಲ್ಲಿ ಯಾರ ಪಾಲು ಎಷ್ಟೆಂಬುದು ಅದಕ್ಕೆ ತಿಳಿಯದು. ಆ ತಿಳಿವಳಿಕೆ ಇರಬೇಕಾದುದು ವಕೀಲರ ಲೆಕ್ಕಪುಸ್ತಕದಲ್ಲಿ, ಎಂದರೆ ಈ ದಿನಗಳಲ್ಲಿ ಗಣಕಯಂತ್ರದ ತಂತ್ರಾಂಶದಲ್ಲಿ.

ಜಮಾ-ಖರ್ಚಿನ ಕ್ರಮವನ್ನು ನೋಡೋಣ. ಮುಂಗಡ ಬಂದಾಗ ಟ್ರಸ್ಟ್ ಬ್ಯಾಂಕಿನ ಶಿಲ್ಕು 5,000 ಡಾಲರು ಏರುತ್ತದೆ. ಆದರೆ ಅದರ ಇನ್ನೊಂದು ಮಗ್ಗುಲಲ್ಲಿ ಬರೆಯಬೇಕಾದುದು ‘ಆದಾಯ’ವೆಂದಲ್ಲ, ‘ಋಣ’ವೆಂದು, ಅದೂ ಆ ಕಕ್ಷಿದಾರನ ಹೆಸರಿನಲ್ಲಿ, ಆ ವ್ಯಾಜ್ಯದ ಶೀರ್ಷಿಕೆಯಡಿಯಲ್ಲಿ. ಇದನ್ನು ಆದಾಯವೆಂದು ಬರೆದರೆ ಗಳಿಸದ ಹಣ ಗಳಿಕೆಯಾಗಿ ಕಾಣಿಸಿಕೊಳ್ಳುತ್ತದೆ, ಮಾಡಿದ ಸಾಲ ಕಣ್ಮರೆಯಾಗುತ್ತದೆ. ಮುಂದೆ ವಕೀಲರು 2,000 ಡಾಲರುಗಳ ಕೆಲಸ ಮಾಡಿ ಬಿಲ್ಲು ಕಳುಹಿಸಿದಾಗ ಎರಡು ಖಾತೆಗಳಲ್ಲಿ ಒಟ್ಟು ನಾಲ್ಕು ನಮೂದುಗಳಾಗಬೇಕು. ಟ್ರಸ್ಟ್ ಬ್ಯಾಂಕಿನಲ್ಲಿ 2,000 ಇಳಿಯಬೇಕು. ಕಕ್ಷಿದಾರನಿಗಿರುವ ಋಣವೂ ಅಷ್ಟೇ ಇಳಿಯಬೇಕು. ಕಚೇರಿಯ ಬ್ಯಾಂಕಿನಲ್ಲಿ 2,000 ಏರಬೇಕು. ಬಿಲ್ಲಿನ ಬಾಕಿ ತೀರಬೇಕು. ತಂತ್ರಾಂಶದಲ್ಲಿ ಗುಂಡಿಯೊತ್ತಿ ‘ಬಿಲ್ಲು ಸಂದಾಯವಾಯಿತು’ ಎಂದು ಬರೆದಮಾತ್ರಕ್ಕೆ ಬ್ಯಾಂಕಿನಲ್ಲಿ ಹಣ ಕದಲುವುದಿಲ್ಲವೆಂಬುದನ್ನು ನೆನಪಿಡಬೇಕು. ಕಾಗದದ ಮೇಲೆ ಹಣ ದಾಟಿ, ಬ್ಯಾಂಕಿನಲ್ಲಿ ಅಲ್ಲಿಯೇ ಉಳಿದರೆ, ವಕೀಲರ ಸ್ವಂತ ಹಣ ಕಕ್ಷಿದಾರರ ಹಣದೊಡನೆ ಬೆರೆತಂತಾಯಿತು. ಇದೂ ನಿಷಿದ್ಧವೇ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇಲ್ಲಿ ಪರಿಚಿತವಾದ ನಿಯಮವೊಂದು ನೆನಪಾಗಬಹುದು. ವಿದ್ಯುದಂಶ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ ಎಂದು ನಾವು ಓದಿರುತ್ತೇವೆ. ಆದರೆ ವಿಶ್ವದ ಒಟ್ಟು ವಿದ್ಯುದಂಶ ಬದಲಾಗದೆಂಬುದಷ್ಟೇ ಈ ನಿಯಮದ ಅರ್ಥವಲ್ಲ. ಧಾರವಾಡದಲ್ಲಿ ಒಂದಷ್ಟು ವಿದ್ಯುದಂಶ ಮಾಯವಾಗಿ ಅದೇ ಕ್ಷಣದಲ್ಲಿ ಮೈಸೂರಿನಲ್ಲಿ ತಲೆದೋರಿದರೂ ಒಟ್ಟು ಮೊತ್ತ ಸರಿಯಾಗಿಯೇ ಇರುತ್ತದೆ. ಆದರೂ ಪ್ರಕೃತಿ ಅದಕ್ಕೆ ಅವಕಾಶ ಕೊಡುವುದಿಲ್ಲ. ಒಂದು ಪ್ರದೇಶದಲ್ಲಿ ವಿದ್ಯುದಂಶ ತಗ್ಗಿದರೆ, ಅದರ ಮೇರೆಯನ್ನು ದಾಟಿ ಅಷ್ಟೇ ವಿದ್ಯುದಂಶ ಹೊರಗೆ ಹರಿದಿರಲೇಬೇಕು. ನಿಯಮವು ಒಟ್ಟಿನಲ್ಲಿ ಮಾತ್ರವಲ್ಲ, ಎಡೆಯೆಡೆಯಲ್ಲಿಯೂ ನಿಲ್ಲಬೇಕು. ಟ್ರಸ್ಟ್ ಖಾತೆಯ ಮರ್ಮವೂ ಇದೇ.

ಮೂವರು ಕಕ್ಷಿದಾರರಿದ್ದಾರೆನ್ನಿ. ಮೊದಲನೆಯವನ ಹಣ 5,000 ಡಾಲರು, ಎರಡನೆಯವನದು 3,000, ಮೂರನೆಯವನದು 2,000. ಬ್ಯಾಂಕಿನಲ್ಲಿ ಒಟ್ಟು 10,000. ಮೂರನೆಯವನ ವ್ಯಾಜ್ಯದಲ್ಲಿ ಸಾಕ್ಷ್ಯ ನುಡಿದ ತಜ್ಞರಿಗೆ ವಕೀಲರು 2,500 ಡಾಲರುಗಳ ಚೆಕ್ಕು ಕೊಡುತ್ತಾರೆ. ಬ್ಯಾಂಕು ಚಕಾರವೆತ್ತದೆ ಹಣ ಕೊಡುತ್ತದೆ. ಉಳಿದದ್ದು 7,500. ಪುಸ್ತಕವನ್ನು ಕೂಡಿ ನೋಡಿ: 5,000, 3,000 ಮತ್ತು ಋಣ ಚಿಹ್ನೆಯ 500. ಮೊತ್ತ 7,500! ಕೂಡುವ ಲೆಕ್ಕ ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೂ ಮೊದಲಿನ ಇಬ್ಬರ 8,000 ಡಾಲರುಗಳಲ್ಲಿ 500 ಇಲ್ಲವಾಗಿದೆ. ಅವರಿಬ್ಬರೂ ಒಂದೇ ದಿನ ಬಂದು ತಮ್ಮ ಹಣ ಕೇಳಿದರೆ ಕೊಡಲು ಸಾಲದು.

ಆದುದರಿಂದಲೇ ಮೂರು ಮುಖಗಳ ತಾಳೆಯೆಂಬ ಕ್ರಮ ಬಂದಿತು. ಬ್ಯಾಂಕಿನ ತಃಖ್ತೆ, ಕಚೇರಿಯ ಟ್ರಸ್ಟ್ ಪುಸ್ತಕ, ಎಲ್ಲ ಕಕ್ಷಿದಾರರ ಶಿಲ್ಕುಗಳ ಮೊತ್ತ ಈ ಮೂರೂ ಒಂದಾಗಬೇಕು. ನಗದಾಗದ ಚೆಕ್ಕುಗಳನ್ನೂ ದಾರಿಯಲ್ಲಿರುವ ಜಮೆಗಳನ್ನೂ ಇದರಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ತಿಂಗಳೂ ತಾಳೆ ನೋಡಲೇಬೇಕು. ಆದರೆ ಮೇಲಿನ ಉದಾಹರಣೆಯಲ್ಲಿ ಮೂರು ಮುಖಗಳೂ ಕೂಡಿಕೊಂಡಿದ್ದವೆಂಬುದನ್ನು ಮರೆಯಬಾರದು. ಪ್ರತಿಯೊಬ್ಬನ ಶಿಲ್ಕೂ ಸೊನ್ನೆಗಿಂತ ಕೆಳಗಿಳಿದಿಲ್ಲವೆಂಬುದನ್ನು ಬೇರೆಯಾಗಿಯೇ ನೋಡಬೇಕು. ವಕೀಲರಿಗೆಂದೇ ರಚಿಸಿದ ಕ್ಲಿಯೋ ಮುಂತಾದ ತಂತ್ರಾಂಶಗಳು ಅಂಥ ನಮೂದನ್ನು ತಡೆಯುತ್ತವೆ. ಎಲ್ಲ ವ್ಯಾಪಾರಗಳಿಗೂ ಒದಗುವ ಸಾಮಾನ್ಯ ತಂತ್ರಾಂಶಗಳಿಗೆ ಈ ವಿವೇಕ ಹುಟ್ಟಿನಿಂದ ಬಂದಿರುವುದಿಲ್ಲ, ಬಳಸುವವರೇ ಎಚ್ಚರದಿಂದಿರಬೇಕು.

ಕಳ್ಳತನದ ಉದ್ದೇಶವೇ ಇಲ್ಲದೆ ಹಣ ಸೋರುವ ಬಗೆಗಳೂ ಉಂಟು. ಕಕ್ಷಿದಾರನೊಬ್ಬ 1,000 ಡಾಲರುಗಳನ್ನು ಕ್ರೆಡಿಟ್ ಕಾರ್ಡಿನಿಂದ ತೆರುತ್ತಾನೆ. ಕಾರ್ಡಿನ ಸಂಸ್ಥೆ ನೂರಕ್ಕೆ ಮೂರರಂತೆ ತನ್ನ ಶುಲ್ಕ ಮುರಿದುಕೊಂಡು 970ನ್ನು ಮಾತ್ರ ಜಮೆ ಮಾಡಿದರೆ? ಕಕ್ಷಿದಾರ ಕೊಟ್ಟದ್ದು 1,000. ಅವನ ಹೆಸರಿನಲ್ಲಿ ಇರಬೇಕಾದದ್ದೂ 1,000. ಕೊರತೆಯಾದ 30 ಡಾಲರು ಉಳಿದವರ ಹಣದಿಂದ ಹೋದಂತಾಯಿತು. ಈ ಕಾರಣಕ್ಕಾಗಿಯೇ ಶುಲ್ಕವನ್ನು ಕಚೇರಿಯ ಖಾತೆಯಿಂದ ಮಾತ್ರ ವಸೂಲು ಮಾಡುವ ಪ್ರತ್ಯೇಕ ಪಾವತಿ ಸೇವೆಗಳಿವೆ. ಚೆಕ್ಕಿನ ಸಂಗತಿಯೂ ಹೀಗೆಯೇ. ಜಮೆಯಾದಂತೆ ಕಂಡ ಚೆಕ್ಕು ಕೆಲವು ದಿನಗಳ ಮೇಲೆ ಹಿಂದಿರುಗಬಹುದು. ಅಷ್ಟರಲ್ಲಿ ಅದರ ಬಲದ ಮೇಲೆ ಹಣ ಕೊಟ್ಟಿದ್ದರೆ, ಕೊಟ್ಟದ್ದು ಮತ್ತೊಬ್ಬನ ಹಣ.

ಉದ್ದೇಶ ಕೆಟ್ಟಾಗ ಏನಾಗುವುದೆಂಬುದಕ್ಕೆ ಲಾಸ್ ಏಂಜಲೀಸಿನ ಥಾಮಸ್ ಗಿರಾರ್ಡಿಯವರ ಪ್ರಕರಣವಿದೆ. ಹೆಸರಾಂತ ವಕೀಲರಾಗಿದ್ದ ಅವರ ಸನದನ್ನು 2022ರಲ್ಲಿ ರದ್ದುಗೊಳಿಸಲಾಯಿತು. ಗಾಯಗೊಂಡವರಿಗೆಂದು ಬಂದ ಪರಿಹಾರದ ಹಣವನ್ನು ಅಪಹರಿಸಿದ ಪ್ರಕರಣದಲ್ಲಿ 2024ರ ಆಗಸ್ಟಿನಲ್ಲಿ ಜ್ಯೂರಿಯು ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. 2025ರಲ್ಲಿ ಏಳು ವರ್ಷಗಳನ್ನು ಮೀರಿದ ಸೆರೆವಾಸ ವಿಧಿಸಲಾಯಿತು. ಹಗರಣ ಬಯಲಾದ ಬಳಿಕ, 2023ರಿಂದ, ಕ್ಯಾಲಿಫೋರ್ನಿಯಾದ ವಕೀಲರು ತಮ್ಮ ಟ್ರಸ್ಟ್ ಖಾತೆಗಳನ್ನು ಪ್ರತಿ ವರ್ಷವೂ ಸ್ಟೇಟ್ ಬಾರ್‌ನಲ್ಲಿ ನಮೂದಿಸಬೇಕಾಗಿದೆ. ಯಾವ ತಂತ್ರಾಂಶವೂ ಇಂಥವರ ಕೈ ಹಿಡಿದು ನಿಲ್ಲಿಸಲಾರದೆಂದೇ ನನ್ನ ಅಭಿಪ್ರಾಯ; ಹೊರಗಿನವರೊಬ್ಬರು ಪುಸ್ತಕವನ್ನು ನೋಡುವುದೇ ಅದಕ್ಕೆ ಮದ್ದು.

ನಮ್ಮ ದೇಶದಲ್ಲಿಯೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಂತೆ ವಕೀಲರು ಕಕ್ಷಿದಾರನ ಹಣದ ಲೆಕ್ಕವಿಡಬೇಕು. ಬಂದ ಹಣ ಶುಲ್ಕಕ್ಕೋ ಖರ್ಚಿಗೋ ಎಂಬುದನ್ನು ನಮೂದಿಸಬೇಕು. ವ್ಯಾಜ್ಯ ನಡೆಯುತ್ತಿರುವಾಗ ಖರ್ಚಿನ ಹಣವನ್ನು ಕಕ್ಷಿದಾರನ ಲಿಖಿತ ಅಪ್ಪಣೆಯಿಲ್ಲದೆ ಶುಲ್ಕಕ್ಕೆ ತಿರುಗಿಸುವಂತಿಲ್ಲ.

ವ್ಯಾಜ್ಯ ಮುಗಿದ ಮೇಲೆ ಉಳಿದ ಹಣವನ್ನು ಹಿಂದಿರುಗಿಸಿ ಕಕ್ಷಿದಾರನ ಶಿಲ್ಕನ್ನು ಸೊನ್ನೆಗೆ ತರಬೇಕು. ಅಮೆರಿಕದ ಮಾದರಿ ನಿಯಮದಂತೆ ಲೆಕ್ಕಪತ್ರಗಳನ್ನು ಅಲ್ಲಿಂದಾಚೆಗೆ 5 ವರ್ಷ ಕಾಪಾಡಬೇಕು. ಕೆಲವೊಮ್ಮೆ ಕಕ್ಷಿದಾರ ಊರು ಬಿಟ್ಟಿರುತ್ತಾನೆ, ಕಳುಹಿಸಿದ ಚೆಕ್ಕು ನಗದಾಗದೆ ಉಳಿಯುತ್ತದೆ. ಅಂಥ ನಾಲ್ಕಾರು ಡಾಲರುಗಳನ್ನು ಸಹ ವಕೀಲರು ಇಟ್ಟುಕೊಳ್ಳುವಂತಿಲ್ಲ. ನಿಯಮಿತ ವರ್ಷಗಳವರೆಗೆ ವಾರಸುದಾರರು ಬಾರದಿದ್ದರೆ, ಅನೇಕ ಸಂಸ್ಥಾನಗಳಲ್ಲಿ ಅದು ಸರ್ಕಾರದ ವಶಕ್ಕೆ ಹೋಗಿ, ಅಲ್ಲಿಯೂ ಕಕ್ಷಿದಾರನ ಹೆಸರಿನಲ್ಲಿಯೇ ಕಾದಿರುತ್ತದೆ.