ಮಂಗನ ಕಾಯಿಲೆ ಮತ್ತು ಸಂಶೋಧನೆಯ ಧರ್ಮ

ಬಿಟಿಎಂ ಲೇಔಟ್‌ನ ನಮ್ಮ ಚಿಕಿತ್ಸಾಲಯಕ್ಕೆ ಮೊಣಕಾಲು ನೋವಿಗೆಂದು ಹಿರಿಯ ಶರಣೆಯೊಬ್ಬರು ಬರುತ್ತಾರೆ. ಸೊರಬ ಸೀಮೆಯವರು, ಈಗ ಮಗನ ಮನೆಯಲ್ಲಿ ವಾಸ. ಅವರ ಯಜಮಾನರು ಹಲವು ವರ್ಷಗಳ ಹಿಂದೆ ಮಂಗನ ಕಾಯಿಲೆಯಿಂದ ಲಿಂಗೈಕ್ಯರಾದರು. ಕಳೆದ ತಿಂಗಳು ಆ ತಾಯಿ ನಮ್ಮನ್ನು ಕೇಳಿದರು: “ಡಾಕ್ಟರೇ, ಆ ವೈರಸ್ಸನ್ನು ಪ್ರಯೋಗಾಲಯದಲ್ಲಿ ಇನ್ನೂ ಸಾಕಿಕೊಂಡಿದ್ದಾರಂತೆ. ಸುಟ್ಟುಬಿಡಬಾರದೆ? ಅವರ ರಕ್ತ ತೆಗೆದುಕೊಂಡು ಹೋದರು, ಏನು ಬಂತೆಂದು ನಮಗೆ ಯಾರೂ ಹೇಳಲಿಲ್ಲ.”

ಪ್ರಶ್ನೆ ಒಂದೇ ಅಲ್ಲ, ಎರಡು. ಎರಡಕ್ಕೂ ಉತ್ತರ ಹೇಳಬೇಕಾದದ್ದು ವೈದ್ಯರಾದ ನಮ್ಮ ಕರ್ತವ್ಯ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗರಿಗೂ ತೀವ್ರ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು, ಸತ್ತ ಮಂಗಗಳಿಂದ ಹೊಸ ವೈರಸ್ಸೊಂದನ್ನು ಬೇರ್ಪಡಿಸಿದರು. ಅದನ್ನು ಹರಡುವುದು ಕಾಡಿನ ಉಣ್ಣೆ ಎಂದು ತಿಳಿದದ್ದೂ ಈ ಸಂಶೋಧನೆಯಿಂದಲೇ. ಅದಕ್ಕಾಗಿ ಬೆಲೆ ತೆತ್ತವರೂ ಇದ್ದಾರೆ. ವೈರಸ್ಸಿನೊಡನೆ ಕೆಲಸ ಮಾಡುತ್ತಿದ್ದ ಅನೇಕ ಸಿಬ್ಬಂದಿಗೆ ಪ್ರಯೋಗಾಲಯದಲ್ಲಿಯೇ ಸೋಂಕು ತಗುಲಿತು. ಆರಂಭದಲ್ಲಿ, ರಷ್ಯಾದಲ್ಲಿ ಕಂಡ ಇದೇ ಕುಲದ ಜ್ವರವೊಂದರ ಲಸಿಕೆಯನ್ನು ಸುಮಾರು 4,000 ಮಂದಿಗೆ ಕೊಟ್ಟು ನೋಡಿದರು, ಅದು ಫಲಿಸಲಿಲ್ಲ. ಮುಂದೆ ಈ ವೈರಸ್ಸಿನಿಂದಲೇ ಸಿದ್ಧಪಡಿಸಿದ ಲಸಿಕೆ 1990ರ ದಶಕದಲ್ಲಿ ಮಲೆನಾಡಿಗೆ ಬಂತು. ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿಯೂ ಅದು ತಯಾರಾಗುತ್ತಿತ್ತು. ಅದರ ರಕ್ಷಣಾಬಲ ಸಾಲದೆಂದು ಕಂಡುಬಂದು 2022ರಲ್ಲಿ ನಿಲ್ಲಿಸಲಾಯಿತು.

ಪ್ರಯೋಗಾಲಯದ ಶೀಶೆಯನ್ನು ಸುಟ್ಟರೆ ಕಾಡಿನ ಉಣ್ಣೆಯಲ್ಲಿರುವ ವೈರಸ್ ಸಾಯುವುದಿಲ್ಲ. ರೋಗವನ್ನು ಗುರುತಿಸುವ ಪರೀಕ್ಷೆಗೂ ಉತ್ತಮ ಲಸಿಕೆಗೂ ಅದರ ಅಧ್ಯಯನ ಬೇಕೇ ಬೇಕು. ಆದುದರಿಂದ ಸುಡುವುದು ಪರಿಹಾರವಲ್ಲ.

ಹಾಗೆಂದು ಎಲ್ಲ ಸಂಶೋಧನೆಯೂ ಒಂದೇ ಬಗೆಯದಲ್ಲ. 2011ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಅಮೆರಿಕದ ಎರಡು ತಂಡಗಳು ಹಕ್ಕಿಜ್ವರದ ವೈರಸ್ಸನ್ನು ಮಾರ್ಪಡಿಸಿ, ಫೆರೆಟ್ ಎಂಬ ಪ್ರಾಣಿಗಳಲ್ಲಿ ಗಾಳಿಯ ಮೂಲಕ ಹರಡುವಂತೆ ಮಾಡಿದ್ದವೆಂಬ ಸುದ್ದಿ ಹೊರಬಿತ್ತು. ಮುಂಬರುವ ಅಪಾಯವನ್ನು ಅರಿಯಲು ಇದು ಅಗತ್ಯ ಎಂದರು ಕೆಲವರು. ಇಲ್ಲದ ಅಪಾಯವನ್ನು ನಾವೇ ಸೃಷ್ಟಿಸಿದಂತಾಯಿತು ಎಂದರು ಇನ್ನು ಕೆಲವರು. 2012ರಲ್ಲಿ ವಿಜ್ಞಾನಿಗಳೇ ಅಂಥ ಪ್ರಯೋಗಗಳನ್ನು ಕೆಲಕಾಲ ಸ್ವಇಚ್ಛೆಯಿಂದ ನಿಲ್ಲಿಸಿದರು. ಕಾಡಿನಲ್ಲಿರುವ ವೈರಸ್ಸನ್ನು ಅರಿಯುವುದು ಬೇರೆ, ಪ್ರಕೃತಿಯಲ್ಲಿಲ್ಲದ ಬಲವನ್ನು ಅದಕ್ಕೆ ತುಂಬುವುದು ಬೇರೆ. ಎರಡನೆಯದಕ್ಕೆ ಬಹಳ ಕಠಿಣವಾದ ಪರಿಶೀಲನೆ ಅವಶ್ಯ.

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಊರಿಗೆ ಊರೇ ರೋಗಕ್ಕೆ ತುತ್ತಾಗುವ ಜನಪದೋಧ್ವಂಸದ ವಿಚಾರವಿದೆ. ಗಾಳಿ, ನೀರು, ನೆಲ, ಕಾಲ ಕೆಡುವುದು ಅದಕ್ಕೆ ಕಾರಣ. ಅದರ ಬೇರಿನಲ್ಲಿರುವುದು ಅಧರ್ಮ ಮತ್ತು ಪ್ರಜ್ಞಾಪರಾಧ, ಅಂದರೆ ವಿವೇಕ ತಪ್ಪಿ ನಡೆಯುವ ದೋಷ. ಜ್ಞಾನವಿದ್ದ ಮಾತ್ರಕ್ಕೆ ಸಾಲದು, ನಡೆಯೂ ನೇರವಾಗಿರಬೇಕು.

ಆ ತಾಯಿಯ ಎರಡನೆಯ ಪ್ರಶ್ನೆಗೆ ನಮ್ಮಲ್ಲಿ ಸಮಾಧಾನವಿರಲಿಲ್ಲ, ತಲೆ ತಗ್ಗಿಸಿದೆವು. ಯಾರ ರಕ್ತದಿಂದ ಅರಿವು ಬೆಳೆಯಿತೋ ಅವರಿಗೆ ಫಲಿತಾಂಶ ಮೊದಲು ತಲುಪಬೇಕು. ರೋಗಿಗೆ ಅವನ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಅಪಾಯದೊಡನೆ ಕೆಲಸ ಮಾಡುವ ಸಿಬ್ಬಂದಿಯ ರಕ್ಷಣೆಗೆ ಕೊರತೆಯಾಗಬಾರದು. ಲಸಿಕೆ ಸೋತರೆ ಅದನ್ನೂ ಮುಚ್ಚಿಡದೆ ಹೇಳಬೇಕು. ಇಷ್ಟು ನಡೆದರೆ ಸಂಶೋಧನೆ ದಾಸೋಹವಾಗುತ್ತದೆ; ಇಲ್ಲವಾದರೆ ಬಡವರಿಂದ ಪಡೆದ ಸಾಲವಾಗಿ ಉಳಿಯುತ್ತದೆ.

ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಮಲೆನಾಡಿಗೆ ಹೋಗುವ ಭಕ್ತರು ಕಾಡಿಗೆ ಇಳಿಯುವಾಗ ಮೈ ತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ನೀಡುವ ಎಣ್ಣೆ ಲೇಪಿಸಿಕೊಳ್ಳಿ. ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಮೈಯಲ್ಲಿ ಉಣ್ಣೆ ಇದೆಯೇ ನೋಡಿಕೊಳ್ಳಿ. ಮಂಗ ಸತ್ತುಬಿದ್ದಿದ್ದರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಯ ಕಷಾಯವನ್ನು ನಂಬಿ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದ ಸಂಗತಿಯನ್ನು ತಿಳಿಸಿ. ಇದಕ್ಕೆ ನಿರ್ದಿಷ್ಟ ಔಷಧಿ ಯಾವ ಪದ್ಧತಿಯಲ್ಲಿಯೂ ಇಲ್ಲ. ಸಕಾಲದ ಆರೈಕೆಯೇ ಜೀವ ಉಳಿಸುತ್ತದೆ. ರಕ್ತ ಕೊಟ್ಟರೆ ಫಲಿತಾಂಶವನ್ನು ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು.