ದುಬೈಯಲ್ಲಿ ಕಂದೂರ ತೊಡುವ ಮುನ್ನ

ಡಿಸೆಂಬರ್ 2 ಹತ್ತಿರ ಬಂತೆಂದರೆ ದುಬೈ, ಶಾರ್ಜಾಗಳಲ್ಲಿ ದುಡಿಯುವ ನಮ್ಮ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಿಗೆ ಬಟ್ಟೆಯ ಪ್ರಶ್ನೆಯೊಂದು ಎದುರಾಗುತ್ತದೆ. 1971ರಲ್ಲಿ ಅಮೀರಾತುಗಳ ಒಕ್ಕೂಟ ಹುಟ್ಟಿದ ದಿನ ಅದು. ಕಚೇರಿಯಲ್ಲಿ ಬಾವುಟ, ಖರ್ಜೂರ, ಕಾಫಿ, ಗ್ರೂಪ್ ಫೋಟೊ. ‘ಈ ಸಲ ಕಂದೂರ ಹಾಕಿಕೊಂಡು ಬನ್ನಿ’ ಎಂದು ಅಲ್ಲಿಯವರೇ ಕರೆಯುವುದೂ ಉಂಟು. ಅಲ್ಲಿಯ ಗಂಡಸರ ಆ ನಿಲುವಂಗಿಯನ್ನು ನಾವು ಹಾಕಿಕೊಳ್ಳಬಹುದೇ? ಧಾರಾಳವಾಗಿ. ಆದರೆ ಅದರ ಕಟ್ಟು ತಿಳಿದು ತೊಟ್ಟರೆ ಉಡುಪು, ತಿಳಿಯದೆ ತೊಟ್ಟರೆ ಛದ್ಮವೇಷ.

ಅರಬರ ನಿಲುವಂಗಿಗಳೆಲ್ಲ ಒಂದೇ ಎಂದುಕೊಳ್ಳುವುದು ಮೊದಲ ಎಡವಟ್ಟು. ಕುತ್ತಿಗೆ ನೋಡಿಯೇ ದೇಶ ಹೇಳಬಹುದು. ಅಮೀರಾತಿ ಕಂದೂರಕ್ಕೆ ಕಾಲರ್ ಇಲ್ಲ, ಕುತ್ತಿಗೆಯಿಂದ ಉದ್ದನೆಯ ಕುಚ್ಚೊಂದು ಎದೆಯ ಮೇಲೆ ಇಳಿಬಿದ್ದಿರುತ್ತದೆ. ಒಮಾನಿನ ದಿಶ್‌ದಾಶಕ್ಕೂ ಕಾಲರ್ ಇಲ್ಲ, ಕುಚ್ಚು ಮಾತ್ರ ಗಿಡ್ಡ. ಸೌದಿಯ ತೋಬ್‌ಗೆ ಬಿರುಸಾದ ನೆಟ್ಟ ಕಾಲರ್, ಕೈತುದಿಗೆ ಬೇಕಾದರೆ ಕಫ್‌ಲಿಂಕ್. ಕುವೈತಿನದಕ್ಕೆ ಒಂದೇ ಗುಂಡಿಯ ಕಾಲರ್. ದುಬೈಯ ರಾಷ್ಟ್ರೀಯ ದಿನಕ್ಕೆ ಸೌದಿ ತೋಬ್ ತೊಟ್ಟು ಹೋದರೆ ಯಾರೂ ಬೈಯುವುದಿಲ್ಲ, ಆದರೆ ಎಲ್ಲರೂ ಗಮನಿಸುತ್ತಾರೆ.

ಸಾಧ್ಯವಾದರೆ ಹೊಲಿಸಿಯೇ ಹಾಕಿಕೊಳ್ಳಿ. ಹೊಲಿಯುವ ಟೈಲರ್ ಹೆಚ್ಚಾಗಿ ನಮ್ಮ ಕಡೆಯವನೋ ಪಾಕಿಸ್ತಾನದವನೋ ಆಗಿರುತ್ತಾನೆ, ಹಿಂದಿಯಲ್ಲೇ ಅಳತೆ ಮುಗಿಯುತ್ತದೆ. ಬಟ್ಟೆ ಜಪಾನಿನದೇ ಬೇಕೆನ್ನುವವರು ಕೊಲ್ಲಿಯಲ್ಲಿ ಬಹಳ. ಜಪಾನಿನ ಗಿರಣಿಗಳು ಈ ನಿಲುವಂಗಿಗೆಂದೇ ನಯವಾದ, ಸುಕ್ಕಾಗದ ಪಾಲಿಯೆಸ್ಟರ್ ನೇಯುತ್ತವೆ. ಅಂಚು ಪಾದದ ಗಂಟಿಗೆ ಬರಬೇಕು. ನೆಲ ಗುಡಿಸಿದರೆ ನಡೆಯಲಾಗದು, ಮೇಲೇರಿದರೆ ಸಾಲ ತಂದ ಬಟ್ಟೆಯಂತೆ ಕಾಣುತ್ತದೆ.

ಬಿಳಿ ಬಟ್ಟೆ ಬೆಳಕಿಗೆ ಒಳಗಿನದನ್ನೆಲ್ಲ ತೋರಿಸುತ್ತದೆ. ಹಾಗಾಗಿ ಒಳಗೆ ಬಿಳಿ ಬನಿಯನ್, ಸೊಂಟಕ್ಕೆ ವಿಝಾರ್ ಕಡ್ಡಾಯ. ವಿಝಾರ್ ಎಂದರೆ ಬೇರೇನಲ್ಲ, ಸುತ್ತಿಕೊಳ್ಳುವ ಬಿಳಿ ಲುಂಗಿ. ಕರಾವಳಿಯ ಗಂಡಸಿಗೆ ಇದರಲ್ಲಿ ಕಲಿಯುವುದೇನೂ ಇಲ್ಲ. ಜೀನ್ಸ್ ಮೇಲೆ ಕಂದೂರ ಎಳೆದುಕೊಂಡು ಬರುವವರಿದ್ದಾರೆ. ನೀಲಿ ನೆರಳು ಹೊರಗೆ ಕಾಣುವುದು ಹಾಗಿರಲಿ, ಆ ಉಡುಪಿನ ಉಪಯೋಗವೇ ಅಲ್ಲಿಗೆ ಮುಗಿಯಿತು.

ಉಪಯೋಗ ಇರುವುದು ಸಡಿಲದಲ್ಲಿ. ಬಿಳಿ ಬಣ್ಣವೇ ತಂಪು ಮಾಡುತ್ತದೆ ಎಂಬುದು ಅರ್ಧ ಮಾತು. ಸುಡುವ ಮರುಭೂಮಿಯ ಬೆದೂಯಿನರು ಕಪ್ಪು ನಿಲುವಂಗಿ ಏಕೆ ತೊಡುತ್ತಾರೆ ಎಂದು ಕೆಲವು ವಿಜ್ಞಾನಿಗಳು ಬಿಸಿಲಿನಲ್ಲಿ ಮನುಷ್ಯನನ್ನು ನಿಲ್ಲಿಸಿಯೇ ಅಳೆದರು. 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಕಪ್ಪು ಬಟ್ಟೆ ಹೆಚ್ಚು ಬಿಸಿಯಾಗುವುದು ನಿಜ, ಆದರೆ ಮೈಗೆ ತಲುಪುವ ಶಾಖ ಎರಡರಲ್ಲೂ ಒಂದೇ. ಬಟ್ಟೆಗೂ ಮೈಗೂ ನಡುವೆ ಓಡಾಡುವ ಗಾಳಿ ಹೆಚ್ಚಿನ ಶಾಖವನ್ನು ಹೊತ್ತೊಯ್ಯುತ್ತದೆ. ಹೀಗಾಗಿ ಅಳತೆ ಕೊಡುವಾಗ ಕಂಕುಳ ಕೆಳಗೆ, ಪಕ್ಕೆಗಳಲ್ಲಿ ಬಿಗಿ ಮಾಡಿಸಬೇಡಿ. ಚಳಿಗಾಲಕ್ಕೆ ಅಮೀರಾತಿಗಳೇ ಬೂದು, ಕಂದು, ಕಡುನೀಲಿ ಬಣ್ಣದ ದಪ್ಪ ಬಟ್ಟೆ ಹೊಲಿಸುತ್ತಾರೆ.

ಇನ್ನು ತಲೆ. ಮೊದಲು ಜಾಳಿಗೆಯಂಥ ಬಿಳಿ ಟೋಪಿ. ಅದರ ಮೇಲೆ ಗುತ್ರಾ ಎಂಬ ಚೌಕದ ತಲೆವಸ್ತ್ರವನ್ನು ಮೂಲೆಗೆ ಮೂಲೆ ಸೇರಿಸಿ ತ್ರಿಕೋನ ಮಡಚಿ, ಉದ್ದದ ಅಂಚಿನ ನಡುಭಾಗ ಹಣೆಯ ಮೇಲೆ ಬರುವಂತೆ ಹೊದೆಯಬೇಕು. ಅದು ಜಾರದಂತೆ ಮೇಲೊಂದು ಅಗಾಲ್, ಎರಡು ಸುತ್ತಿನ ಕಪ್ಪು ಹುರಿ. ಅಗಾಲ್ ಬೇಡವೆನ್ನುವ ತರುಣರು ಗುತ್ರಾವನ್ನೇ ಮುಂಡಾಸಿನಂತೆ ಸುತ್ತುತ್ತಾರೆ, ಅದಕ್ಕೆ ಹಮ್ದಾನಿಯಾ ಎನ್ನುತ್ತಾರೆ. ಹೊರಗಿನವರಿಗೆ ನನ್ನ ಸಲಹೆ: ಕಂದೂರ ಸಾಕು, ತಲೆ ಬರಿದಾಗಿರಲಿ. ಅಲ್ಲಿಯವರೇ ಕಟ್ಟಿಕೊಟ್ಟರೆ ಮಾತ್ರ ಕಟ್ಟಿಸಿಕೊಳ್ಳಿ. ಕಂದೂರದ ಜತೆ ಕ್ರಿಕೆಟ್ ಕ್ಯಾಪು, ಪ್ಯಾಂಟಿನ ಜತೆ ಅಗಾಲ್, ಇಂಥ ಬೆರಕೆಯೇ ಹೆಚ್ಚು ಕಣ್ಣಿಗೆ ಚುಚ್ಚುವುದು.

ಬಿಶ್ತ್ ಎಂಬ ಜರಿಯಂಚಿನ ತೆಳು ಮೇಲಂಗಿಯ ವಿಚಾರವೇ ಬೇರೆ. ಅದು ಮದುಮಗನಿಗೆ, ಶೇಖರಿಗೆ, ದೊಡ್ಡ ಸಮಾರಂಭಕ್ಕೆ. 2022ರ ಡಿಸೆಂಬರ್ 18ರಂದು ಲುಸೈಲ್ ಕ್ರೀಡಾಂಗಣದಲ್ಲಿ ವಿಶ್ವಕಪ್ ಎತ್ತುವ ಮೊದಲು ಕತಾರಿನ ಅಮೀರ್ ಶೇಖ್ ತಮೀಮ್ ಮೆಸ್ಸಿಯ ಹೆಗಲಿಗೆ ಕಪ್ಪು ಬಿಶ್ತ್ ಹೊದಿಸಿದ್ದು ನೆನಪಿರಬಹುದು. ಆಟಗಾರನ ಜರ್ಸಿ ಮುಚ್ಚಿಹೋಯಿತೆಂದು ಪಶ್ಚಿಮದ ಹಲವರು ಗೊಣಗಿದರು. ಶಾಲು ಹೊದಿಸಿ ಗೌರವಿಸುವ ನಾಡಿನ ನಮಗೆ ಅದರಲ್ಲಿ ಗೊಣಗುವಂಥದ್ದೇನೂ ಕಾಣಲಿಲ್ಲ. ಬಿಶ್ತ್ ಯಾರಾದರೂ ಹೊದಿಸಬೇಕು, ನಾವೇ ಕೊಂಡು ಹೊದ್ದುಕೊಳ್ಳುವಂಥದ್ದಲ್ಲ.

ತೊಟ್ಟ ಮೇಲೆ ನಡೆಯುವುದೂ ಒಂದು ಅಭ್ಯಾಸ. ಮೆಟ್ಟಿಲು ಹತ್ತುವಾಗ ಮುಂದಿನ ಅಂಚನ್ನು ತುಸು ಎತ್ತಿ ಹಿಡಿಯಬೇಕು, ಎಸ್ಕಲೇಟರಿನಲ್ಲಂತೂ ಮರೆಯಬಾರದು. ಕಾರಿನಲ್ಲಿ ಕುಳಿತು ಬಾಗಿಲು ಹಾಕುವ ಮೊದಲು ಬಟ್ಟೆಯನ್ನು ಒಳಕ್ಕೆಳೆದುಕೊಳ್ಳಬೇಕು. ಕಾಲಿಗೆ ಚರ್ಮದ ಚಪ್ಪಲಿ ಸರಿ, ಸ್ಪೋರ್ಟ್ಸ್ ಶೂ ಬೇಡ.

ಎಲ್ಲಿ ತೊಡಬಹುದು ಎಂಬುದಕ್ಕೂ ಕಾರಣವಿದೆ. ಅಮೀರಾತಿನ ಒಟ್ಟು ಜನರಲ್ಲಿ ಅಲ್ಲಿನ ಪ್ರಜೆಗಳು ಹತ್ತರಲ್ಲಿ ಒಬ್ಬರಷ್ಟೇ. ಹೀಗಿರುವಾಗ ಕಂದೂರ ಬರೀ ಬಟ್ಟೆಯಲ್ಲ, ‘ನಾನು ಇಲ್ಲಿಯವನು’ ಎಂಬ ಗುರುತು. ಹಬ್ಬ, ಮದುವೆ, ರಾಷ್ಟ್ರೀಯ ದಿನಕ್ಕೆ ಕರೆದಾಗ ತೊಟ್ಟರೆ ಅವರಿಗೆ ಖುಷಿ. ಅದನ್ನೇ ತೊಟ್ಟು ಅಮೀರಾತಿಯಂತೆ ನಟಿಸುವುದು, ರೀಲ್ಸ್ ಮಾಡಿ ನಗಿಸುವುದು ಅಪಾಯ. 2023ರ ಜುಲೈನಲ್ಲಿ ಏಷ್ಯಾ ಮೂಲದ ನಿವಾಸಿಯೊಬ್ಬ ಅಮೀರಾತಿ ಉಡುಪಿನಲ್ಲಿ ದುಬಾರಿ ಕಾರುಗಳ ಶೋರೂಮಿಗೆ ನುಗ್ಗಿ ನೋಟಿನ ಕಂತೆ ಹಂಚುವ ವಿಡಿಯೊ ಹಾಕಿದ. ಪ್ರಜೆಗಳನ್ನು ಅವಮಾನಿಸಿದ್ದಾನೆಂದು ಅವನನ್ನು ಬಂಧಿಸಲಾಯಿತು. ಸೌದಿಯಲ್ಲಿ ಇಷ್ಟು ಬಿಗಿಯಿಲ್ಲ. ಶುಕ್ರವಾರದ ನಮಾಜಿಗೆ ಭಾರತ, ಪಾಕಿಸ್ತಾನ, ಬಾಂಗ್ಲಾದವರು ತೋಬ್ ತೊಟ್ಟು ಹೋಗುವುದು ಸಾಮಾನ್ಯ ನೋಟ.

ಒಗೆಯುವುದನ್ನು ಲಾಂಡ್ರಿಗೆ ಬಿಡುವುದೇ ವಾಸಿ. ಕಾಫಿ ಕಲೆ ಬಿದ್ದರೆ ಒಣಗುವ ಮೊದಲೇ ನೀರು ಹಾಕಿ, ಮತ್ತು ಪಾಲಿಯೆಸ್ಟರ್ ಆದ್ದರಿಂದ ಮನೆಯಲ್ಲಿ ಇಸ್ತ್ರಿ ಮಾಡುವುದಾದರೆ ಬಿಸಿ ಕಡಿಮೆ ಇಡಿ.